ಅರಿಯದೆ ಉಂಡ ಸಿರಿ

ಬಾಲ್ಯದಲ್ಲಿ ಯಾರಾದರೂ ನನ್ನನ್ನು ನಿಲ್ಲಿಸಿ, "ನೀನು ಸಿರಿವಂತರ ಮಗನೋ, ಬಡವರ ಮಗನೋ?" ಎಂದು ಕೇಳಿದ್ದರೆ, "ಬಡವರ ಮಗ" ಎಂದು ನಾನು ಸ್ವಲ್ಪವೂ ಅನುಮಾನಿಸದೆ ಉತ್ತರ ಕೊಡುತ್ತಿದ್ದೆ. ಅದು ವಿನಯದ ಮಾತಾಗುತ್ತಿರಲಿಲ್ಲ. ನಾನು ಹಾಗೆಂದೇ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿಯುವ ಹೊತ್ತಿಗೆ ನನಗೆ ಇಪ್ಪತ್ತು ವರ್ಷ ತುಂಬಿತ್ತು. ತಿಳಿಸಿದ್ದು ಯಾವ ಗುರುವಿನ ಉಪದೇಶವೂ ಅಲ್ಲ, ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಹಳೆಯ ಲೆಕ್ಕದ ಪುಸ್ತಕ.

ನಮ್ಮ ಮನೆ ಕಾಪುವಿನ ಸಮೀಪದ ಒಂದು ಹಳ್ಳಿಯಲ್ಲಿತ್ತು. ಕಾಪು ಈಗ ಉಡುಪಿ ಜಿಲ್ಲೆಯ ಒಂದು ತಾಲೂಕು. ನಾನು ಬಾಲಕನಾಗಿದ್ದ 1960ರ ದಶಕದಲ್ಲಿ ಉಡುಪಿ ಜಿಲ್ಲೆಯೇ ಇರಲಿಲ್ಲ. ನಮ್ಮ ಊರೆಲ್ಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ರಾತ್ರಿ ನಮ್ಮ ಅಂಗಳದಲ್ಲಿ ನಿಂತರೆ ಅದರ ಬೆಳಕು ತೆಂಗಿನ ತೋಟದ ತಲೆಯ ಮೇಲೆ ಹಾದುಹೋಗುವುದು ಕಾಣುತ್ತಿತ್ತು. ದೂರದ ಹಡಗುಗಳಿಗೆ ದಾರಿ ತೋರಿಸುವ ಆ ಬೆಳಕಿನಲ್ಲಿ ನಮ್ಮ ಮನೆಯ ಕಣಜವು ನನಗೆ ಕಾಣಿಸಲಿಲ್ಲವೆಂದರೆ, ಅದು ದೀಪದ ತಪ್ಪಲ್ಲ.

ನಾವು ಬಡವರೆಂದು ತಿಳಿಯಲು ನನಗೆ ಬೇಕಾದಷ್ಟು ಕಾರಣಗಳಿದ್ದವು. ನಮ್ಮ ಮನೆಗೆ ವಿದ್ಯುದ್ದೀಪ ಇನ್ನೂ ಬಂದಿರಲಿಲ್ಲ. ಅಪ್ಪಯ್ಯನ ಕೊಡೆಗೆ ಮೂರು ತೇಪೆಗಳಿದ್ದವು. ನನ್ನ ಅಂಗಿಯನ್ನು ಒಂದಳತೆ ದೊಡ್ಡದಾಗಿಯೇ ಹೊಲಿಸುತ್ತಿದ್ದರು. ಅದು ನನ್ನ ಮೈಗೆ ಸರಿಹೊಂದುವ ವೇಳೆಗೆ ಬಣ್ಣ ಮಾಸಿರುತ್ತಿತ್ತು. ಬೇಸಗೆಯ ರಜೆಯಲ್ಲಿ ಮುಂಬಯಿಯಿಂದ ಬರುತ್ತಿದ್ದ ನೆಂಟರ ಮಕ್ಕಳ ಕಾಲಿನಲ್ಲಿ ಹೊಳೆಯುವ ಬೂಟು, ಅವರ ತಂದೆಯ ಕೈಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಇರುತ್ತಿದ್ದವು. ಅವರು ಸಿರಿವಂತರು, ನಾವು ಅಲ್ಲ ಎಂಬುದು ನನ್ನ ಲೆಕ್ಕ.

ಆಗಾಗ ಅಪ್ಪಯ್ಯ ಬ್ಯಾಂಕಿನ ಕೆಲಸಕ್ಕಾಗಿ ಉಡುಪಿಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಶ್ರೀಕೃಷ್ಣನ ದರ್ಶನ ಮುಗಿಸಿ ರಥಬೀದಿಗೆ ಬಂದಾಗ ಹೋಟೆಲಿನ ಬಾಗಿಲಿನಿಂದ ಗೋಳಿಬಜೆಯ ಪರಿಮಳ ಹೊರಗೆ ಬರುತ್ತಿತ್ತು. ಅಪ್ಪಯ್ಯ ಒಳಗೆ ಹೋಗಿ ಒಂದು ತಟ್ಟೆ ತರಿಸುತ್ತಿದ್ದರು. ಅದನ್ನು ಇಬ್ಬರೂ ಹಂಚಿಕೊಂಡು ತಿನ್ನಬೇಕು. ಪಕ್ಕದ ಮೇಜಿನಲ್ಲಿ ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ ಇರುವುದನ್ನು ನೋಡಿ ನಾನು ತಲೆ ತಗ್ಗಿಸುತ್ತಿದ್ದೆ. ಈಗಷ್ಟೇ ಬ್ಯಾಂಕಿಗೆ ಹಣ ಕಟ್ಟಿ ಬಂದವರ ಮಗ ನಾನು ಎಂಬುದು ನನ್ನ ಮನಸ್ಸಿಗೆ ಹೊಳೆಯುತ್ತಲೇ ಇರಲಿಲ್ಲ.

ಸುಗ್ಗಿಯ ಬೆಳೆ ಕೊಯ್ದ ಮೇಲೆ ನಮ್ಮ ಅಂಗಳಕ್ಕೆ ಅಕ್ಕಿಮುಡಿಗಳು ಬರುತ್ತಿದ್ದವು. ಬೈಹುಲ್ಲಿನ ಹಗ್ಗದಿಂದ ಬಿಗಿದು, ಗುಂಡಾಗಿ ಕಟ್ಟಿದ ಮುಡಿಗಳು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಕೋಷ್ಟಕವನ್ನು ಶಾಲೆಯಲ್ಲಿ ಕಲಿಯುವ ಮೊದಲೇ ನಾನು ಅಂಗಳದಲ್ಲಿ ಕಲಿತಿದ್ದೆ. ಒಕ್ಕಲುಗಳು ಮುಡಿಯನ್ನು ತಲೆಯ ಮೇಲೆ ಹೊತ್ತು ತಂದು, ಚಾವಡಿಯ ಮುಂದೆ ಇಳಿಸಿ, ಮುಟ್ಟಾಳೆಯನ್ನು ಕಂಕುಳಲ್ಲಿ ಇರುಕಿಕೊಂಡು ನಿಲ್ಲುತ್ತಿದ್ದರು. ಅಪ್ಪಯ್ಯ ಲೆಕ್ಕದ ಪುಸ್ತಕ ತೆರೆದು ಬರೆದುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಮಳೆ ಬರುವಂತೆ ಸುಗ್ಗಿಯಲ್ಲಿ ಅಕ್ಕಿ ಬರುವುದು ಪ್ರಕೃತಿಯ ನಿಯಮವೆಂದೇ ನಾನು ಎಣಿಸಿದ್ದೆ. ಅದಕ್ಕೆ ಗೇಣಿ ಎಂದು ಹೆಸರು. ಹೊಲವನ್ನು ಉತ್ತು ಬಿತ್ತಿ ಬೆಳೆದವರು ಹೊಲದ ಒಡೆಯನಿಗೆ ಪ್ರತಿವರ್ಷವೂ ಸಲ್ಲಿಸಬೇಕಾದ ಪಾಲು ಅದು ಎಂಬುದನ್ನು ನಾನು ಕೇಳಿಯೂ ಇರಲಿಲ್ಲ. ಯಾರೂ ಹೇಳಿಯೂ ಇರಲಿಲ್ಲ.

ಒಕ್ಕಲುಗಳಲ್ಲಿ ಒಬ್ಬರ ಮಗ ನನ್ನ ಸಹಪಾಠಿ. ನಮ್ಮಿಬ್ಬರ ಮನೆಗಳ ನಡುವೆ ಒಂದು ಬೈಲು, ಒಂದು ತೋಡು, ತೋಡಿಗೆ ಅಡ್ಡಲಾಗಿ ಒಂದು ಅಡಕೆಮರದ ಸಂಕ. ದಿನವೂ ಬೆಳಗ್ಗೆ ಸಂಕದ ಬಳಿ ಸೇರಿ ಇಬ್ಬರೂ ಶಾಲೆಗೆ ನಡೆಯುತ್ತಿದ್ದೆವು. ಮಳೆಯಲ್ಲಿ ನನ್ನ ಕೈಯಲ್ಲಿ ಕೊಡೆ, ಅವನ ತಲೆಯ ಮೇಲೆ ಗೊರಬೆ. ಗಣಿತದಲ್ಲಿ ಅವನು ನನಗಿಂತ ಬಹಳ ಮುಂದೆ. ನಾನು ಪಾಠ ಓದಿ ಹೇಳುವುದು, ಅವನು ನನಗೆ ಲೆಕ್ಕ ಮಾಡಿ ತೋರಿಸುವುದು ನಮ್ಮ ಒಪ್ಪಂದ. ಶಾಲೆಯ ದಾರಿಯಲ್ಲಿ ನನ್ನ ಹೆಗಲ ಮೇಲೆ ಕೈಹಾಕಿ ನಡೆಯುತ್ತಿದ್ದ ಅವನು, ತನ್ನ ತಂದೆಯೊಡನೆ ನಮ್ಮ ಅಂಗಳಕ್ಕೆ ಬಂದಾಗ ಮಾತ್ರ ನನ್ನೊಡನೆ ಮಾತನಾಡುತ್ತಿರಲಿಲ್ಲ; ದೂರದಲ್ಲಿ ತುಳಸಿಕಟ್ಟೆಯ ಆಚೆ ನಿಂತಿರುತ್ತಿದ್ದ. ಅವನ ತಾಯಿ ನನ್ನನ್ನು "ಸಣ್ಣ ಧನಿಗಳು" ಎಂದು ಕರೆಯುತ್ತಿದ್ದರು. ಅದು ಪ್ರೀತಿಯಿಂದ ಇಟ್ಟ ಮತ್ತೊಂದು ಹೆಸರೆಂದು ನಾನು ತಿಳಿದಿದ್ದೆ. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿದ್ದ ಆ ಮಾತಿನಲ್ಲಿ 'ಧನ' ಎಂಬ ಶಬ್ದವಿದೆಯೆಂಬುದನ್ನು ನಾನು ಗಮನಿಸಿರಲೇ ಇಲ್ಲ.

ತುಳುನಾಡಿನಲ್ಲಿ ಆಟಿಯ ತಿಂಗಳು ಎಂದರೆ ಬಿರುಮಳೆಯ ಕಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಗದ್ದೆಯಲ್ಲಿ ಪೈರು ಎಳೆಯದಾಗಿರುತ್ತದೆ. ಹಿಂದಿನ ಬೆಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತದೆ. ನಮ್ಮ ಮನೆಯಲ್ಲಿ ಆಟಿಯೆಂದರೆ ಹಬ್ಬವಿದ್ದಂತೆ. ಅಮ್ಮ ಕೆಸುವಿನ ಎಲೆಯ ಪತ್ರೊಡೆ ಮಾಡುತ್ತಿದ್ದರು. ಕಣಿಲೆಯ ಪಲ್ಯ, ತಗಟೆ ಸೊಪ್ಪು, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಎಲ್ಲವೂ ಆ ತಿಂಗಳಿನ ರುಚಿಗಳು. ಒಮ್ಮೆ ನಾನು ಗೆಳೆಯನೊಡನೆ, "ನಿಮ್ಮ ಮನೆಯಲ್ಲಿ ಆಟಿಯಲ್ಲಿ ಏನೇನು ಮಾಡುತ್ತಾರೆ?" ಎಂದು ಕೇಳಿದೆ. ಅವನು, "ಹಲಸಿನ ಬೀಜ, ತಗಟೆ ಸೊಪ್ಪು" ಎಂದ. ನನಗೆ ಸಂತೋಷವಾಯಿತು. ಇಬ್ಬರ ಮನೆಯಲ್ಲಿಯೂ ಒಂದೇ ಅಡುಗೆ! ನಮ್ಮಲ್ಲಿ ಅವನ್ನು ಅನ್ನದ ಜೊತೆಗೆ ಉಣ್ಣುತ್ತಿದ್ದರು, ಅವರಲ್ಲಿ ಅನ್ನಕ್ಕೆ ಬದಲಾಗಿ ಉಣ್ಣುತ್ತಿದ್ದರು ಎಂಬ ವ್ಯತ್ಯಾಸವನ್ನು ಅವನು ಹೇಳಲಿಲ್ಲ. ನನಗೆ ಅದನ್ನು ಕೇಳಬೇಕೆಂದು ತೋರಲಿಲ್ಲ.

ಎಂಟನೆಯ ತರಗತಿಯಲ್ಲಿದ್ದಾಗ ಅಧ್ಯಾಪಕರು ನಮ್ಮನ್ನು ಕಾರ್ಕಳಕ್ಕೆ ಪ್ರವಾಸ ಕರೆದೊಯ್ದರು. ಕಾರ್ಕಳ ನನ್ನ ತಾಯಿಯ ತವರು. ಪ್ರತಿ ಬೇಸಗೆಯಲ್ಲಿಯೂ ಅಲ್ಲಿಗೆ ಹೋಗುತ್ತಿದ್ದ ನನಗೆ ಗೊಮ್ಮಟಬೆಟ್ಟ ಹೊಸತಲ್ಲ. ಬಸ್ಸಿನ ಬಾಡಿಗೆಗೆಂದು ಒಬ್ಬೊಬ್ಬರು ಒಂದಿಷ್ಟು ಹಣ ತರಬೇಕಾಗಿತ್ತು. ನನ್ನ ಗೆಳೆಯ, "ನಾನು ಕಾರ್ಕಳ ನೋಡಿದ್ದೇನೆ, ಸರ್" ಎಂದು ಹೇಳಿ ಪ್ರವಾಸಕ್ಕೆ ಬರಲಿಲ್ಲ. ಕಾರ್ಕಳವನ್ನು ಹಲವು ಸಲ ನೋಡಿದ್ದ ನಾನು ಹೋದೆ. ಒಮ್ಮೆಯೂ ನೋಡಿರದ ಅವನು ಉಳಿದ. ಅವನ ಮಾತು ಸುಳ್ಳೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಂದು ಬೆಟ್ಟದ ಮೇಲೆ ಅಧ್ಯಾಪಕರು ಹೇಳಿದ ಪಾಠ ನನಗೆ ಈಗಲೂ ನೆನಪಿದೆ. ನಲವತ್ತೆರಡು ಅಡಿ ಎತ್ತರದ ಆ ಏಕಶಿಲಾಮೂರ್ತಿಯನ್ನು 1432ರಲ್ಲಿ ಭೈರರಸ ವಂಶದ ವೀರಪಾಂಡ್ಯನು ನಿಲ್ಲಿಸಿದನು. ಎದುರಿನಲ್ಲಿ ಕಾಣುವ ಚತುರ್ಮುಖ ಬಸದಿ 1586ರದು. ಅಣ್ಣನಾದ ಭರತನನ್ನು ಗೆದ್ದ ಬಾಹುಬಲಿಯು, ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತನು. ಕತೆ ಮುಗಿಸಿದ ಅಧ್ಯಾಪಕರು, "ಮಕ್ಕಳೇ, ತನ್ನ ಬಳಿ ಏನಿದೆಯೆಂದು ಬಲ್ಲವನು ಮಾತ್ರ ಅದನ್ನು ಬಿಡಬಲ್ಲ. ತನ್ನಲ್ಲಿರುವುದನ್ನೇ ಅರಿಯದವನು ಬಿಡುವುದೆಂತು, ಕೊಡುವುದೆಂತು?" ಎಂದರು. ನಾನು ಆ ವಾಕ್ಯವನ್ನು ಟಿಪ್ಪಣಿ ಪುಸ್ತಕದಲ್ಲಿ ಅಂದವಾಗಿ ಬರೆದುಕೊಂಡೆ. ಅದು ನನ್ನ ವಿಷಯವಾಗಿ ಹೇಳಿದ ಮಾತಾಗಿರಬಹುದೆಂದು ಶಂಕಿಸಲಿಲ್ಲ.

ಆ ವರ್ಷವೇ ನನಗೆ ವಿಷಮಶೀತ ಜ್ವರ ಬಂತು. ಮೂರನೆಯ ದಿನವೇ ಅಪ್ಪಯ್ಯ ನನ್ನನ್ನು ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ಕರೆದೊಯ್ದರು. ಮಣಿಪಾಲ ಅದಕ್ಕಿಂತ ಕೆಲವು ದಶಕಗಳ ಹಿಂದೆ ಮುರಕಲ್ಲಿನ ಬೋಳುಗುಡ್ಡ. ಡಾಕ್ಟರ್ ಟಿ. ಎಂ. ಎ. ಪೈಯವರು ಆ ಗುಡ್ಡದ ಮೇಲೆ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನಾನು ಮೂರು ವಾರ ಕಳೆದೆ. ಅಮ್ಮ ಹಗಲೂ ರಾತ್ರಿಯೂ ಬಳಿಯಲ್ಲಿಯೇ ಇದ್ದರು. ಆ ಮೂರು ವಾರಗಳಲ್ಲಿ "ಇದಕ್ಕೆ ಎಷ್ಟು ಖರ್ಚಾಗುತ್ತದೆ?" ಎಂಬ ಮಾತು ನನ್ನ ಕಿವಿಗೆ ಒಮ್ಮೆಯೂ ಬೀಳಲಿಲ್ಲ. ತೇಪೆ ಹಾಕಿದ ಕೊಡೆಯ ಒಡೆಯನಾದ ಅಪ್ಪಯ್ಯ, ಮಗನ ಔಷಧಿಗೆ ಮಾತ್ರ ಲೆಕ್ಕ ನೋಡಲಿಲ್ಲ. ಉಳಿಸುವುದನ್ನು ಬಲ್ಲವರು, ಬೇಕಾದಾಗ ತೆಗೆದು ಕೊಡುವಷ್ಟು ಉಳ್ಳವರೂ ಆಗಿದ್ದರು.

ಮರುವರ್ಷ, ಎಂದರೆ 1969ರಲ್ಲಿ, ನಾವು ಒಂಬತ್ತನೆಯ ತರಗತಿಗೆ ಬಂದೆವು. ನೇಜಿ ನೆಡುವ ಕಾಲದಲ್ಲಿಯೇ ಗೆಳೆಯನ ತಂದೆ ಎದೆಯ ಕಾಯಿಲೆಯಿಂದ ಮಲಗಿದರು. ಮಣಿಪಾಲದ ಆಸ್ಪತ್ರೆಯ ಬಾಗಿಲು ಅವರಿಗೂ ತೆರೆದೇ ಇತ್ತು. ಆದರೆ ಅಲ್ಲಿಗೆ ಹೋಗಲು ಬಸ್ಸಿನ ಖರ್ಚು ಬೇಕು. ಜೊತೆಯಲ್ಲಿ ಇರುವವರಿಗೆ ಊಟ ಬೇಕು. ಜೊತೆಗೆ ಹೋದವರ ಗದ್ದೆಯ ಕೆಲಸಕ್ಕೆ ಬೇರೆ ಆಳು ಬೇಕು. ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಅವರ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾಯಿತು. ಅವರು ಆಸ್ಪತ್ರೆಗೆ ಹೋಗುವ ವೇಳೆಗೆ ಮಳೆಗಾಲವೇ ಮುಗಿಯುತ್ತ ಬಂದಿತ್ತು. ಆ ವರ್ಷ ಅವರ ಗದ್ದೆಯಲ್ಲಿ ಬೆಳೆಯೂ ಕಡಿಮೆಯಾಯಿತು.

ಗೆಳೆಯನ ತಾಯಿ ಬೀಡಿ ಕಟ್ಟುತ್ತಿದ್ದರು. ಸಂಜೆ ಸೈಕಲ್ಲಿನಲ್ಲಿ ಬರುವ ಪಿಗ್ಮಿ ಸಂಗ್ರಹದವರಿಗೆ ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಕೊಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಬ್ಯಾಂಕು ಎಂದರೆ ಅಪ್ಪಯ್ಯನಂಥವರು ಹೋಗುವ ಸ್ಥಳವೆಂದು ತಿಳಿದಿದ್ದ ನನಗೆ ಅದು ಆಶ್ಚರ್ಯವಾಗಿ ತೋರುತ್ತಿತ್ತು. ನಮ್ಮ ನಾಡಿನ ಬ್ಯಾಂಕುಗಳ ಇತಿಹಾಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕು ಐದು ಸಾವಿರ ರೂಪಾಯಿ ಬಂಡವಾಳದಿಂದ ಮೊದಲಾಯಿತು. ಮೊದಲ ದಿನದ ಕೊನೆಗೆ ಅದರಲ್ಲಿ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಶನ್ ಬ್ಯಾಂಕು ಎಂದು ಪ್ರಸಿದ್ಧವಾಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ ಇವರು ಉಡುಪಿಯಲ್ಲಿಯೇ ಇನ್ನೊಂದು ಬ್ಯಾಂಕನ್ನು ತೆರೆದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. ಅದೇ ಸಿಂಡಿಕೇಟ್ ಬ್ಯಾಂಕು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುವ ಪಿಗ್ಮಿ ಠೇವಣಿಯನ್ನು ಅದು 1928ರಲ್ಲಿ ಆರಂಭಿಸಿತು. ಬಡವನ ಕೈಯಲ್ಲಿಯೂ ಉಳಿಸಬಹುದಾದ ಒಂದು ಕಾಸು ಇದೆಯೆಂದು ಆ ಹಿರಿಯರು ಗುರುತಿಸಿದರು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. 2020ರ ಏಪ್ರಿಲ್ 1ರಂದು ಈ ಎರಡು ಬ್ಯಾಂಕುಗಳೂ ಬೇರೆ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು, ಹೆಸರುಗಳು ಹೋದವು. ಆದರೆ ನಾಲ್ಕಾಣೆಗಳನ್ನು ಕೂಡಿಸಿ ಕೂಡಿಸಿ ಮಕ್ಕಳಿಗೆ ಒಂದು ದಾರಿ ಮಾಡಿಕೊಟ್ಟ ತಾಯಂದಿರ ಮನೆಗಳು ಇಂದಿಗೂ ಊರೂರಿನಲ್ಲಿ ಇವೆ.

ಗೆಳೆಯನ ತಾಯಿ ಮಗನ ಓದಿಗೆಂದು ಆ ಹಣವನ್ನು ಕೂಡಿಸುತ್ತಿದ್ದರು. 1969ರ ಅಕ್ಟೋಬರದಲ್ಲಿ ಅದನ್ನು ತೆಗೆದು ಅವನಿಗೆ ಮುಂಬಯಿಯ ಬಸ್ಸಿನ ಟಿಕೇಟು ಕೊಂಡರು. ನಮ್ಮ ಊರಿನ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರುವುದು ಆಗ ವಾಡಿಕೆಯಾಗಿತ್ತು. ಹೊರಡುವ ಹಿಂದಿನ ಸಂಜೆ ಅವನು ನನ್ನಿಂದ ಪಡೆದಿದ್ದ ಪುಸ್ತಕವನ್ನು ಹಿಂದಿರುಗಿಸಲು ಸಂಕದ ಬಳಿಗೆ ಬಂದ. ಮುಂದಿನ ವಾರ ಅರ್ಧವಾರ್ಷಿಕ ಪರೀಕ್ಷೆ. ನಾನು ನನ್ನ ಗೋಳನ್ನೇ ಹೇಳಿಕೊಂಡೆ:

"ನೀನು ಪುಣ್ಯವಂತ ಮಾರಾಯ! ನಿನಗೆ ಗಣಿತದ ಪರೀಕ್ಷೆ ಇಲ್ಲ. ನನ್ನ ಗತಿ ಏನು?"

ಅವನು ನಕ್ಕು, "ಹಾಗಾದರೆ ನನ್ನ ಬದಲಿಗೆ ನೀನು ಮುಂಬಯಿಗೆ ಹೋಗು. ನಿನ್ನ ಬದಲಿಗೆ ನಾನು ಪರೀಕ್ಷೆಗೆ ಕುಳಿತುಕೊಳ್ಳುತ್ತೇನೆ" ಎಂದ.

ನಾನೂ ನಕ್ಕೆ. ಅವನು ಸಂಕ ದಾಟಿ ಹೋದ. ಮರುದಿನ ತರಗತಿಯಲ್ಲಿ ಅಧ್ಯಾಪಕರು ಹಾಜರಿ ಕರೆಯುವಾಗ ಅವನ ಹೆಸರಿಗೆ ಉತ್ತರ ಬರಲಿಲ್ಲ. ಒಂದು ವಾರ ಹಾಗೆಯೇ ಕರೆದರು. ಆಮೇಲೆ ಆ ಹೆಸರನ್ನು ಹೊಡೆದುಹಾಕಿದರು. ಏಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಶಾಲೆಗೆ ಬರುವುದು ನನ್ನ ಪಾಲಿಗೆ ಉಸಿರಾಡುವಷ್ಟು ಸಹಜವಾಗಿತ್ತು. ಅದೂ ಒಂದು ಸಂಪತ್ತು, ಅದನ್ನು ಕೊಳ್ಳಲಾರದೆ ಒಬ್ಬನು ಹೊರಟುಹೋದನೆಂದು ನನಗೆ ತೋಚಲಿಲ್ಲ.

ಐದು ವರ್ಷ ಕಳೆಯಿತು. ನಾನು ಉಡುಪಿಯಲ್ಲಿ ಕಾಲೇಜು ಓದುತ್ತಿದ್ದೆ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲ. ಭೂಸುಧಾರಣಾ ಕಾಯಿದೆಗೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಪದ್ಧತಿ ರದ್ದಾಯಿತು. ಗೇಣಿಗೆ ಕೊಟ್ಟಿದ್ದ ಭೂಮಿ ಸರಕಾರಕ್ಕೆ ಸೇರಿ, ಅದನ್ನು ಉಳುತ್ತಿದ್ದವರೇ ಅದರ ಹಕ್ಕುದಾರರಾಗುವಂತೆ ಕಾನೂನು ಏರ್ಪಟ್ಟಿತು. ಒಕ್ಕಲುಗಳು ಅರ್ಜಿ ಕೊಡಬೇಕು. ಭೂನ್ಯಾಯಮಂಡಳಿ ಅದನ್ನು ವಿಚಾರಿಸಿ ತೀರ್ಮಾನಿಸಬೇಕು. ನಮ್ಮ ಜಿಲ್ಲೆಯಲ್ಲಿ ಗೇಣಿಯ ಸಾಗುವಳಿ ವಿಶೇಷವಾಗಿದ್ದುದರಿಂದ ಮನೆಮನೆಯಲ್ಲಿಯೂ ಅದೇ ಮಾತು. ಕೆಲವರು ಒಕ್ಕಲುಗಳೊಡನೆ ಜಗಳವಾಡಿದರು. ಕೆಲವರು ನ್ಯಾಯಾಲಯಕ್ಕೆ ಹೋದರು. ಕೆಲವರು ಬಾಯಿಮುಚ್ಚಿ ಕುಳಿತರು. ಅಪ್ಪಯ್ಯ ಬಾಯಿಮುಚ್ಚಿ ಕುಳಿತವರಲ್ಲಿ ಒಬ್ಬರು.

ಒಂದು ದಿನ ನನ್ನನ್ನು ಕರೆದು, "ಯಾವ ಯಾವ ಗದ್ದೆ ಯಾರ ಯಾರ ಕೈಯಲ್ಲಿದೆ, ಒಂದು ಪಟ್ಟಿ ಬರೆ" ಎಂದು ಲೆಕ್ಕದ ಪುಸ್ತಕಗಳನ್ನು ಮುಂದಿಟ್ಟರು. ನಾನು ಬರೆಯತೊಡಗಿದೆ. ಒಂದು ಹಾಳೆ ತುಂಬಿತು, ಎರಡನೆಯದು ತುಂಬಿತು. ನಮಗೆ ಇಷ್ಟು ಭೂಮಿ ಇತ್ತೇ! ನಮ್ಮದಾಗಿದ್ದ ಆಸ್ತಿಯ ಲೆಕ್ಕ ನನಗೆ ತಿಳಿದದ್ದು ಅದು ಕೈಬಿಡುವ ದಿನ. ಮೊದಲು ನನಗೆ ಬಂದದ್ದು ಕೋಪ. ನಮ್ಮದನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆಂಬ ಕೋಪ. ಹುಟ್ಟಿದಂದಿನಿಂದ ಬಡವನೆಂದು ತಿಳಿದಿದ್ದವನು ಅರ್ಧ ಗಂಟೆಯಲ್ಲಿ ಸಿರಿವಂತನಾಗಿ, ಮರುಗಳಿಗೆಯಲ್ಲಿಯೇ ಸಿರಿ ಕಳೆದುಕೊಂಡವನೂ ಆಗಿದ್ದೆ.

ಅಷ್ಟರಲ್ಲಿ ಗೆಳೆಯನ ತಂದೆಯ ಹೆಸರಿನ ಪುಟ ಬಂತು. ಅಪ್ಪಯ್ಯನ ದುಂಡನೆಯ ಅಕ್ಷರಗಳಲ್ಲಿ ಹೀಗಿತ್ತು: ಗೇಣಿ 24 ಮುಡಿ. ಸಂದದ್ದು 18. ಬಾಕಿ 6 ಮುಡಿ. ಕೆಳಗೆ 1970ರ ಏಪ್ರಿಲ್ ತಿಂಗಳಿನ ಒಂದು ಸಾಲು: ಬಾಕಿ 6 ಮುಡಿಯ ಬಾಬ್ತು ಮುಂಬಯಿಯಿಂದ ಮಗನು ಕಳುಹಿದ ಮನಿಯಾರ್ಡರಿನ ಹಣದಲ್ಲಿ ಜಮೆ. ಅದೇ ಪುಟದ ಅಂಚಿನಲ್ಲಿ, ಸ್ವಲ್ಪ ದಿನಗಳ ಅನಂತರದ ತಾರೀಕಿಗೆ, ನನ್ನ ಹತ್ತನೆಯ ತರಗತಿಯ ಪುಸ್ತಕಗಳ ಖರ್ಚು.

ನನ್ನ ಲೇಖನಿ ನಿಂತಿತು. ಹದಿನಾಲ್ಕು ವರ್ಷದ ಹುಡುಗನು ಮುಂಬಯಿಯಲ್ಲಿ ಮೇಜು ಒರಸಿ, ಲೋಟ ತೊಳೆದು ಗಳಿಸಿದ ಹಣ ನಮ್ಮ ಮನೆಗೆ ಬಂದಿತ್ತು. ಆ ಹಣದ ಬೆನ್ನಿಗೇ ನನ್ನ ಪುಸ್ತಕಗಳು ಬಂದಿದ್ದವು. "ನಿನ್ನ ಬದಲಿಗೆ ನಾನು ಪರೀಕ್ಷೆಗೆ ಕುಳಿತುಕೊಳ್ಳುತ್ತೇನೆ" ಎಂದು ಅವನು ನಕ್ಕದ್ದು ನೆನಪಾಯಿತು. ಬದಲಾವಣೆ ಆಗಲೇ ನಡೆದುಹೋಗಿತ್ತು. ಅವನು ದುಡಿದಿದ್ದ; ಪರೀಕ್ಷೆಗೆ ನಾನು ಕುಳಿತಿದ್ದೆ.

ನಾನು ಪುಟವನ್ನು ಅಪ್ಪಯ್ಯನ ಕಡೆಗೆ ತಿರುಗಿಸಿದೆ. ಅಪ್ಪಯ್ಯ ಕ್ರೂರಿಯಲ್ಲ. ಬಾಕಿಗಾಗಿ ಯಾರನ್ನೂ ಗದರಿಸಿದವರಲ್ಲ, ಯಾರನ್ನೂ ಒಕ್ಕಲೆಬ್ಬಿಸಿದವರಲ್ಲ. ಆ ಹಣವನ್ನು ಗೆಳೆಯನ ತಾಯಿ ತಾವಾಗಿಯೇ ತಂದು ಕೊಟ್ಟಿದ್ದರಂತೆ. ಅವರು ಬಹಳ ಹೊತ್ತು ಆ ಸಾಲುಗಳನ್ನು ನೋಡಿ, "ಮಿತವಾಗಿ ಬದುಕಿ ಉಳಿಸಿದೆನೆಂದು ತಿಳಿದಿದ್ದೆ, ಮಗಾ. ಉಳಿಸಿದ್ದು ಎಲ್ಲಿಂದ ಬಂತೆಂಬ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ" ಎಂದರು. ಮರುದಿನ ಗೆಳೆಯನ ತಂದೆಯನ್ನು ಕರೆಸಿದರು. ಅವರು ಎಂದಿನಂತೆ ಅಂಗಳದಲ್ಲಿಯೇ ನಿಂತರು. ಅಪ್ಪಯ್ಯ ಅವರನ್ನು ಚಾವಡಿಗೆ ಕರೆದು ಕೂರಿಸಿ, "ಅರ್ಜಿ ಕೊಟ್ಟಿದ್ದೀಯಾ? ಕೊಡದಿದ್ದರೆ ಇವನ ಕೈಯಲ್ಲಿ ಬರೆಸು. ಇವನ ಅಕ್ಷರ ಚೆನ್ನಾಗಿದೆ" ಎಂದರು. ಆ ಅರ್ಜಿಯನ್ನು ನಾನೇ ಬರೆದೆ. ಅಪ್ಪಯ್ಯ ಕಾರ್ಕಳದ ಗೊಮ್ಮಟನಲ್ಲ. ಭೂಮಿಯನ್ನು ತಾವಾಗಿ ಬಿಟ್ಟವರಲ್ಲ, ಕಾನೂನು ಬಿಡಿಸಿತು. ಆದರೆ ಬಿಡಬೇಕಾದುದನ್ನು ಮನಸ್ಸು ಕೆಡಿಸಿಕೊಳ್ಳದೆ ಬಿಟ್ಟರು. ಅದಕ್ಕೂ ಮೊದಲು ತಮ್ಮಲ್ಲಿ ಏನಿತ್ತೆಂದು ಅರಿಯಬೇಕಾಯಿತು.

ನನ್ನ ಗೆಳೆಯ ಮುಂಬಯಿಯಲ್ಲಿ ಸೋಲಲಿಲ್ಲ. ಹಗಲೆಲ್ಲ ದುಡಿಯುವ ಹುಡುಗರಿಗಾಗಿ ಅಲ್ಲಿ ಕನ್ನಡದ ರಾತ್ರಿಶಾಲೆಗಳಿದ್ದವು. ಅವನು ರಾತ್ರಿಯಲ್ಲಿ ಓದಿ ಪರೀಕ್ಷೆ ಮುಗಿಸಿದ, ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ, ತಂಗಿಯರನ್ನು ಓದಿಸಿದ. ನಿವೃತ್ತನಾದ ಮೇಲೆ ಊರಿಗೆ ಮರಳಿ, ತನ್ನ ತಂದೆಯ ಹೆಸರಿಗೆ ಬಂದ ಗದ್ದೆಯಲ್ಲಿಯೇ ಸಾಗುವಳಿ ಮಾಡುತ್ತಿದ್ದಾನೆ. ಆದರೆ ಅವನು ಒಂಬತ್ತನೆಯ ತರಗತಿಯಲ್ಲಿ ಬಿಟ್ಟುಹೋದ ವರ್ಷಗಳನ್ನು ಯಾವ ಕಾಯಿದೆಯೂ ಅವನಿಗೆ ಹಿಂದಿರುಗಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ಅವನು ನಮ್ಮ ಮನೆಗೆ ಬಂದಿದ್ದ. ಮುಡಿ ಕಟ್ಟುವ ಕೈಗಳು ಈಗ ವಿರಳ. ಅವನು ತಾನೇ ಹುಲ್ಲು ಹೊಸೆದು ಕಟ್ಟಿದ ಒಂದು ಪುಟ್ಟ ಮುಡಿಯನ್ನು ತಂದು ಚಾವಡಿಯ ಮೇಲಿಟ್ಟ. ನಾನು ಏನು ಹೇಳಬೇಕೆಂದು ತಿಳಿಯದೆ ಅದನ್ನೇ ನೋಡುತ್ತಿದ್ದೆ. ಅವನು ನನ್ನ ಪಕ್ಕದಲ್ಲಿ ಕುಳಿತು, "ಹೆದರಬೇಡ. ಇದು ಗೇಣಿಯಲ್ಲ. ಎಲ್ಲಿಯೂ ಬರೆದಿಡಬೇಕಾಗಿಲ್ಲ" ಎಂದು ನಕ್ಕ. ಅಂದು ರಾತ್ರಿ ಆ ಅಕ್ಕಿಯ ಗಂಜಿಯನ್ನು ಇಬ್ಬರೂ ಒಟ್ಟಿಗೆ ಕುಳಿತು ಉಂಡೆವು.

ಬಡತನವು ತನ್ನನ್ನು ತಾನೇ ತಿಳಿಸಿಕೊಡುತ್ತದೆ. ಹಸಿದವನಿಗೆ ಹಸಿವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿರಿತನ ಹಾಗಲ್ಲ. ಅದು ಅನ್ನವಾಗಿ, ಪುಸ್ತಕವಾಗಿ, ಜ್ವರಕ್ಕೆ ಔಷಧಿಯಾಗಿ ನಮ್ಮೊಡನೆ ಇದ್ದೂ ತನ್ನ ಹೆಸರನ್ನು ಹೇಳುವುದಿಲ್ಲ. ಹೊಳೆಯುವ ಬೂಟುಗಳನ್ನು ನೋಡಿ ನಾನು ಬಡವನೆಂದುಕೊಂಡೆ. ಪಕ್ಕದಲ್ಲಿ ಬರಿಗಾಲಿನಲ್ಲಿ ನಡೆಯುತ್ತಿದ್ದವನನ್ನು ನೋಡಲಿಲ್ಲ. ವಿದ್ಯಾರ್ಥಿಗಳೇ, ಈ ಪಾಠವನ್ನು ಓದುತ್ತಿರುವ ನಿಮಗೂ ನಿಮ್ಮದೇ ಆದ ಒಂದು ಕಣಜ ಇರಬಹುದು. ಅದು ಯಾವುದು, ಅದನ್ನು ತುಂಬಿದವರು ಯಾರು ಎಂದು ವಿಚಾರಿಸಲು ನನ್ನಂತೆ ಇಪ್ಪತ್ತು ವರ್ಷ ಕಾಯಬೇಡಿರಿ. ನಾಳೆ ನಿಮ್ಮ ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ, ಸಂಜೆ ಆ ಗೆಳೆಯನ ಮನೆಯವರೆಗೆ ನಡೆದುಹೋಗಿ ಏಕೆಂದು ಕೇಳಿರಿ.

ಶಬ್ದಾರ್ಥ

ಒಕ್ಕಲು – ಗೇಣಿಗೆ ಭೂಮಿ ಪಡೆದು ಸಾಗುವಳಿ ಮಾಡುವವನು
ಕಣಜ – ಧಾನ್ಯ ತುಂಬಿಡುವ ಸ್ಥಳ
ಕಣಿಲೆ – ಎಳೆಯ ಬಿದಿರಿನ ಮೊಳಕೆ
ಗೊರಬೆ – ಮಳೆಯಲ್ಲಿ ತಲೆಬೆನ್ನುಗಳಿಗೆ ಮರೆಯಾಗಿ ಹಾಕಿಕೊಳ್ಳುವ ಎಲೆಯ ಹೊದಿಕೆ
ತೋಡು – ಸಣ್ಣ ಹಳ್ಳ
ನೇಜಿ – ನಾಟಿ ಮಾಡುವ ಭತ್ತದ ಸಸಿ
ಬಾಬ್ತು – ಸಂಬಂಧಪಟ್ಟ ಲೆಕ್ಕ
ಮುಟ್ಟಾಳೆ – ಅಡಕೆಯ ಹಾಳೆಯ ಟೊಪ್ಪಿ
ಮುರಕಲ್ಲು – ಕರಾವಳಿಯಲ್ಲಿ ದೊರೆಯುವ ಕೆಂಪು ಕಲ್ಲು
ಸಂಕ – ಕಾಲುಸೇತುವೆ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಒಂದು ಮುಡಿಗೆ ಎಷ್ಟು ಸೇರು?
2. ಕಾರ್ಕಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದವನು ಯಾರು?
3. ಪಿಗ್ಮಿ ಠೇವಣಿ ಯಾವ ವರ್ಷ ಆರಂಭವಾಯಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ತಾನು ಬಡವನೆಂದು ಲೇಖಕನು ನಂಬಲು ಕಾರಣಗಳೇನು?
2. ಆಟಿಯ ತಿಂಗಳು ಎರಡು ಮನೆಗಳಲ್ಲಿ ಹೇಗೆ ಬೇರೆಬೇರೆಯಾಗಿತ್ತು?
3. ಲೆಕ್ಕದ ಪುಸ್ತಕದ ಒಂದು ಪುಟ ಲೇಖಕನ ಕೋಪವನ್ನು ಹೇಗೆ ಬದಲಾಯಿಸಿತು?

ಇ. ಸಂದರ್ಭವನ್ನು ಸೂಚಿಸಿ, ಸ್ವಾರಸ್ಯವನ್ನು ವಿವರಿಸಿರಿ:
1. "ನಾನು ಕಾರ್ಕಳ ನೋಡಿದ್ದೇನೆ, ಸರ್."
2. "ಹೆದರಬೇಡ. ಇದು ಗೇಣಿಯಲ್ಲ."

ಈ. ನಿಮ್ಮ ಊರಿನ ಹಿರಿಯರೊಬ್ಬರನ್ನು ಕಂಡು, 1974ರ ಭೂಸುಧಾರಣೆಯಿಂದ ಊರಿನಲ್ಲಿ ಆದ ಬದಲಾವಣೆಗಳನ್ನು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.